ಬಿಸ್ಕತ್ತು ಮಾರಿದ ಗಬ್ಬರ್
ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಸಮೀಪದ ರಾಮನಗರದ ಬಂಡೆಗಳನ್ನು ದೇಶಕ್ಕೆಲ್ಲ ಪರಿಚಯಿಸಿದವರಲ್ಲಿ ಅಮ್ಜದ್ ಖಾನ್ ಪ್ರಮುಖರು. ನಟ ಜಯಂತ್ ಅವರ ಪುತ್ರರಾದ ಇವರಿಗೆ ಗಬ್ಬರ್ ಪಾತ್ರ ದೊರೆತದ್ದು ಡ್ಯಾನಿ ಡೆಂಜೋಂಗ್ಪಾ ಬಿಡುವಿಲ್ಲದೆ ಕೈಬಿಟ್ಟಿದ್ದರಿಂದ.

ಅಮೆರಿಕದ ಕೌಬಾಯ್ ಚಿತ್ರಗಳ ಛಾಯೆಯುಳ್ಳ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಿತು. ಅದರ ಸಂಭಾಷಣೆಗಳೇ ಧ್ವನಿಮುದ್ರಿಕೆಯಾಗಿ ಬಿಸಿಬಿಸಿಯಾಗಿ ಮಾರಾಟವಾದವು. ಅಚ್ಚರಿಯೆಂದರೆ, ತೆರೆಯ ಮೇಲೆ ಊರನ್ನೇ ನಡುಗಿಸಿದ ಡಕಾಯಿತನನ್ನು ಬ್ರಿಟಾನಿಯಾ ಸಂಸ್ಥೆ ಗ್ಲೂಕೋಸ್ ಬಿಸ್ಕತ್ತಿನ ಜಾಹೀರಾತಿಗೆ ಆರಿಸಿಕೊಂಡಿತು. ನಾಯಕರಿಬ್ಬರಿರುವಾಗ ಖಳನಿಗೆ ಇಂಥ ಮನ್ನಣೆ ಅಪರೂಪವೇ ಸರಿ.

1976ರ ರಸ್ತೆ ಅಪಘಾತದ ಬಳಿಕ ಅವರ ದೇಹತೂಕ ಏರುತ್ತಲೇ ಹೋಯಿತು. ಸತ್ಯಜಿತ್ ರೇ ಅವರ ‘ಶತರಂಜ್ ಕೆ ಖಿಲಾಡಿ’ಯಲ್ಲಿ (1977) ನವಾಬ ವಾಜಿದ್ ಅಲಿ ಷಾ ಆಗಿ ಮಿಂಚಿದರೂ ಜನರಿಗೆ ಬೇಕಾದದ್ದು ಗಬ್ಬರನೇ. 1992ರ ಜುಲೈ 27ರಂದು ಅಮ್ಜದ್ ಹೃದಯಾಘಾತದಿಂದ ನಿಧನರಾದರು.