ಕಡತ ಬಿಚ್ಚಿಸಿದ ಕಲೆಕ್ಟರ್: ಸರ್ ಥಾಮಸ್ ಮನ್ರೋ

ನಮ್ಮ ಸಂಘದಲ್ಲಿ ಬೆಳೆಸಾಲಕ್ಕೆ ಅರ್ಜಿ ಕೊಟ್ಟವರಿಗೆ ಕಾರ್ಯದರ್ಶಿಯವರು ಮೊದಲು ಕೇಳುವುದು ಪಹಣಿ ಉಂಟಾ ಅಂತ. ಪಹಣಿಯಲ್ಲಿ ಹೆಸರಿದ್ದರೆ ಸಾಲ, ಇಲ್ಲದಿದ್ದರೆ ಇಲ್ಲ. ಈ ಕಾಗದದ ಬೇರು ಹುಡುಕುತ್ತಾ ಹೋದರೆ ನಾವು ಕೊನೆಗೆ ಮುಟ್ಟುವುದು ಹಳ್ಳಿಯ ಶ್ಯಾನುಭೋಗರ ಕಪ್ಪು ಕಡತಕ್ಕೆ, ಆ ಕಡತವನ್ನು ಬಿಚ್ಚಿಸಿ ಓದಿಸಿದ ಒಬ್ಬ ಪರದೇಶಿ ಅಧಿಕಾರಿಗೆ.

ಥಾಮಸ್ ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ತಂದೆ ಅಮೆರಿಕದ ವರ್ಜೀನಿಯದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದವರು. ಅಲ್ಲಿ ಸ್ವಾತಂತ್ರ್ಯದ ಯುದ್ಧ ಹತ್ತಿಕೊಂಡಾಗ ವ್ಯಾಪಾರ ಮುಳುಗಿತು. ಹುಡುಗ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಸೇರಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಹೈದರನ ಮೇಲಿನ ಯುದ್ಧ, ಟಿಪ್ಪುವಿನ ಮೇಲಿನ ಯುದ್ಧ ಎಲ್ಲ ಕಂಡದ್ದಾಯಿತು. 1792ರಿಂದ ಏಳು ವರ್ಷ ಈಗಿನ ಸೇಲಂ ಕಡೆಯ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್ ಎಂಬ ಮೇಲಧಿಕಾರಿಯ ಕೈಕೆಳಗೆ ಕಂದಾಯದ ಕೆಲಸ. ಕತ್ತಿ ಹಿಡಿದ ಕೈಗೆ ಲೆಕ್ಕ ಹತ್ತಿದ್ದು ಅಲ್ಲಿ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಕಾರವಾರದ ಕಡೆಯಿಂದ ಕಾಸರಗೋಡಿನವರೆಗಿನ ಕರಾವಳಿಯೆಲ್ಲ ಕನ್ನಡ ಜಿಲ್ಲೆ ಎಂಬ ಹೆಸರಿನಲ್ಲಿ ಕಂಪೆನಿಯ ಪಾಲಾಯಿತು. ಮೊದಲ ಕಲೆಕ್ಟರಾಗಿ ಮನ್ರೋ ಬಂದರು, ಅದೂ ಮಳೆಗಾಲದಲ್ಲಿ! ನಮ್ಮ ಆಟಿಯ ಮಳೆ ಕಂಡು ಸಾಹೇಬರಿಗೆ ಸಾಕೋ ಸಾಕಾಯಿತು. ಒಲ್ಲದ ಮನಸ್ಸಿನಿಂದಲೇ ಬಂದವರು, ಬೇರೆ ಕಡೆಗೆ ಕಳಿಸಿ ಅಂತ ಮೇಲಿನವರಿಗೆ ಬರೆದದ್ದೂ ಉಂಟು.

ನಾಡು ಆಗ ಹಣ್ಣುಗಾಯಿ ನೀರುಗಾಯಿ ಆಗಿತ್ತು. ಯುದ್ಧದ ಕಾಲದ ಲೂಟಿಯಿಂದ ಬಂಟವಾಳ ಪೇಟೆ ಸೋತಿತ್ತು. ವಿಟ್ಲದ ಹೆಗ್ಗಡೆ ಅರಸರು ಕಂಪೆನಿಯ ಮೇಲೆ ತಿರುಗಿಬಿದ್ದರು. ಬೆಳ್ತಂಗಡಿಯ ಹತ್ತಿರದ ಜಮಲಾಬಾದ್ ಕೋಟೆ, ಅಂದರೆ ನಮ್ಮ ಗಡಾಯಿಕಲ್ಲು, ಒಮ್ಮೆ ಕಂಪೆನಿಗೆ ಸಿಕ್ಕಿ ಮತ್ತೆ ಕೈತಪ್ಪಿತು. ತಿಂಗಳುಗಟ್ಟಲೆ ಸುತ್ತುಗಟ್ಟಿ ಕುಳಿತು ಅದನ್ನು ಮತ್ತೆ ಹಿಡಿದರು. ವಿಟ್ಲದ ಅರಸರನ್ನು 1800ರಲ್ಲಿ ಗಲ್ಲಿಗೇರಿಸಲಾಯಿತು. ರೈತರ ಮಿತ್ರ ಎಂದು ಹೆಸರು ಪಡೆದವರ ಕಾಲದಲ್ಲೇ ಇದೂ ನಡೆದದ್ದು. ಮನ್ರೋ ಅವರನ್ನು ಬರೀ ಸಾಧು ಎಂದು ಹೊಗಳುವವರು ಇದನ್ನು ಬಿಟ್ಟುಬಿಡುತ್ತಾರೆ.

ಹಿಡುವಳಿದಾರರೂ ಸುಲಭದವರಲ್ಲ. ಹೊಸ ಸರಕಾರ ಎಷ್ಟು ಕೇಳುತ್ತದೆ ನೋಡುವ ಎಂದು ಒಟ್ಟಾಗಿ ಕಚೇರಿಯ ಕಡೆಗೆ ತಲೆ ಹಾಕದೆ ಕುಳಿತರು. ಜನ ಬರಲಿಲ್ಲ, ಹಾಗಾದರೆ ಲೆಕ್ಕ ಎಲ್ಲಿ? ಶ್ಯಾನುಭೋಗರ ಮನೆಯಲ್ಲಿ.

ಕಡತ ಎಂದರೆ ಏನು ಅಂತ ಇಂದಿನ ಮಕ್ಕಳಿಗೆ ಹೇಳಬೇಕು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸುವುದು. ಅದು ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಅದರ ಮೇಲೆ ಬರೆಯುವುದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರೆದದ್ದು ಹೋಯಿತು, ಬೇಕಾದರೆ ತಿದ್ದಬಹುದು. ಹಾಗಿರುವಾಗ ಕಡತದ ಮೇಲಿನ ನಂಬಿಕೆ ಎಂದರೆ ಬರೆದವನ ಮೇಲಿನ ನಂಬಿಕೆಯೇ. ತಂದೆಯಿಂದ ಮಗನಿಗೆ ಬಂದ ಇಂಥ ಲೆಕ್ಕಗಳು ಮಾಗಣೆ ಮಾಗಣೆಯಲ್ಲೂ ಇದ್ದವು. ಎಷ್ಟೋ ನಾಶವಾಗಿದ್ದವು, ಆದರೂ ಬಿದನೂರು ನಾಯಕರ ಕಾಲದವು ಸಾಕಷ್ಟು ಉಳಿದಿದ್ದವು.

ಮನ್ರೋ ಇವನ್ನು ತರಿಸಿ, ಓದಿಸಿ, ಒಂದಕ್ಕೊಂದು ತಾಳೆ ನೋಡಿದರು. ಅದರ ಫಲವೇ 1800ರ ಮೇ 31ರ ವರದಿ. ವಿಜಯನಗರದ ಹರಿಹರರಾಯರ ಕಾಲದ ಹಂಚಿಕೆ ಎಂದು ಅದರಲ್ಲಿ ಒಂದು ಲೆಕ್ಕ ಬರುತ್ತದೆ. ಬೆಳೆ 30 ಪಾಲಾದರೆ ಉತ್ತವನಿಗೆ 15, ಭೂಮಾಲಿಕನಿಗೆ ಏಳೂವರೆ, ಅರಸನಿಗೆ 5, ಬ್ರಾಹ್ಮಣರಿಗೆ ಒಂದೂವರೆ, ದೇವರಿಗೆ 1. ಅಷ್ಟು ಹಿಂದಿನ ಕಾಲದ ಬಗ್ಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿದರೆ ನನಗಂತೂ ಸ್ವಲ್ಪ ಅನುಮಾನವೇ. ಆದರೆ ಆಮೇಲಿನ ಕಥೆ ಗಟ್ಟಿ. ಹಳೆಯ ರೇಖೆಯ ಮೇಲೆ ನಾಯಕರು ಏರಿಸಿದ್ದು, 1763ರಲ್ಲಿ ಬಿದನೂರು ಹಿಡಿದ ಮೇಲೆ ಹೈದರ್ ಏರಿಸಿದ್ದು, ನಂತರ ಟಿಪ್ಪು ಏರಿಸಿದ್ದು, ಹೀಗೆ ಪದರ ಪದರವಾಗಿ ಕೂಡಿದ ಶಾಮಿಲನ್ನು ಅವರು ಬಿಡಿಸಿ ತೋರಿಸಿದರು. ಭಾರ ಹೆಚ್ಚಾಗಿದೆ, ಇಳಿಸಬೇಕು ಎಂದರು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದು. ಭೂಮಿಯೆಲ್ಲ ಸರಕಾರದ್ದು ಎಂಬ ವಾದ ಆಗ ಬಲವಾಗಿತ್ತು. ಮನ್ರೋ ಕಡತಗಳನ್ನೂ ಕ್ರಯ, ಅಡವುಗಳ ಪತ್ರಗಳನ್ನೂ ನೋಡಿ, ಈ ಜಿಲ್ಲೆಯಲ್ಲಿ ಭೂಮಿ ಖಾಸಗಿ ಸ್ವತ್ತು, ತಲೆತಲಾಂತರ ಬಂದದ್ದು, ಮಾರುವ ಹಕ್ಕೂ ಇದೆ ಎಂದು ಒಪ್ಪಿದರು. ನಮ್ಮ ಮೂಲವರ್ಗಕ್ಕೆ ಕಂಪೆನಿಯ ಮುದ್ರೆ ಬಿದ್ದದ್ದು ಹೀಗೆ.

ಆದರೆ ಕಡತದಲ್ಲಿದ್ದದ್ದು ವರ್ಗದಾರನ ಹೆಸರು, ತೀರುವೆ ಕಟ್ಟುವವನ ಹೆಸರು. ಚಾಲಗೇಣಿಯ ಒಕ್ಕಲಿನ ಹೆಸರು ಅಲ್ಲಿರಲಿಲ್ಲ. ಧನಿಗಳ ಗದ್ದೆಯಲ್ಲಿ ಹುಟ್ಟಿ ಅಲ್ಲೇ ದುಡಿದು ಸತ್ತ ಮೂಲದಾಳುಗಳ ಹೆಸರಂತೂ ಕೇಳುವುದೇ ಬೇಡ. ಸಾಹೇಬರ ವರದಿಗೆ ಜೀವ ಕೊಟ್ಟ ಶ್ಯಾನುಭೋಗರ ಹೆಸರುಗಳೂ ಇತಿಹಾಸದ ಪುಸ್ತಕಗಳಲ್ಲಿ ಬರಲಿಲ್ಲ.

ಹದಿನೈದು ತಿಂಗಳಲ್ಲೇ, 1800ರ ಕೊನೆಯ ಹೊತ್ತಿಗೆ ಮನ್ರೋ ಹೊರಟರು. ಜಿಲ್ಲೆಯನ್ನು ಎರಡು ಮಾಡಿ ತೆಂಕು ಭಾಗವನ್ನು ರೇವನ್‌ಷಾ ಎಂಬವರಿಗೆ ವಹಿಸಲಾಯಿತು. ಮನ್ರೋ ಏಳು ವರ್ಷ ಬಳ್ಳಾರಿ, ಅನಂತಪುರ, ಕಡಪದ ಕಡೆ ಇದ್ದು ರೈತವಾರಿ ಪದ್ಧತಿಗೆ ಹೆಸರಾದರು. ಅಲ್ಲಿನ ಜನ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಮಂತ್ರಾಲಯದಲ್ಲಿ ರಾಯರು ಅವರೊಡನೆ ಮಾತಾಡಿದರೆಂಬ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 1820ರಲ್ಲಿ ಮದ್ರಾಸಿನ ಗವರ್ನರಾದರು. ಊರಿಗೆ ಮರಳುವ ಮೊದಲು ಹಳೆಯ ಜಿಲ್ಲೆಗಳನ್ನೊಮ್ಮೆ ನೋಡಿ ಬರುವ ಅಂತ ಹೊರಟವರು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಕುದುರೆ ಏರಿದ ಅವರ ಪ್ರತಿಮೆ ಚೆನ್ನೈಯಲ್ಲಿದೆ.

ಅವರು ಹೋದ ಮೇಲೆ ಇಲ್ಲಿ ಭಾರವೇನೂ ಇಳಿಯಲಿಲ್ಲ. 1830-31ರಲ್ಲಿ ರೈತರು ಕೂಟ ಸೇರಿ ಕಂದಾಯ ಕಟ್ಟುವುದಿಲ್ಲ ಎಂದರು. ಕದ್ರಿಯಲ್ಲಿ ದೊಡ್ಡ ಕೂಟವೇ ನಡೆಯಿತು. 1837ರ ಏಪ್ರಿಲಿನಲ್ಲಿ ಕಲ್ಯಾಣಪ್ಪನ ದಂಡು ಬಂಟವಾಳದ ಮೇಲಿಂದ ಮಂಗಳೂರಿಗೆ ಇಳಿದಾಗ ಸರಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ನಾವು ಮದ್ರಾಸಿನಲ್ಲೇ ಉಳಿದೆವು. ಮದ್ರಾಸಿನಲ್ಲಿ 1909ರಲ್ಲಿ ದಾಖಲೆ ಕಚೇರಿ ಆಯಿತು. ಹಾಗಾಗಿ ಕಂಪೆನಿಯ ಕಾಲದ ಬಂಟವಾಳ, ಮೂಡಬಿದಿರೆಯ ಕಂದಾಯದ ಕಥೆ ಓದಬೇಕಾದರೆ ಇಂದಿಗೂ ಚೆನ್ನೈಯ ಎಗ್ಮೋರಿಗೆ ಹೋಗಬೇಕು.

ಕಡತದಲ್ಲಿ ಇಲ್ಲದವರ ಸರದಿ ಬಂದದ್ದು 1974ರ ಭೂಸುಧಾರಣೆಯಲ್ಲಿ. ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟು, ಟ್ರಿಬ್ಯೂನಲಿನ ಮುಂದೆ ಹಳೆಯ ಗೇಣಿಚೀಟು, ರಶೀದಿ ಹಿಡಿದು ನಿಂತವರ ಮನೆಯವರು ನಮ್ಮ ಸದಸ್ಯರಲ್ಲಿ ಬಹಳ ಮಂದಿ ಇದ್ದಾರೆ. ಚೀಟು ಇಲ್ಲದವರು ನೆರೆಯವರ ಸಾಕ್ಷಿ ಹೇಳಿಸಿದರು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ. ಆ ಚೀಟು, ರಶೀದಿಗಳು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಗೆದ್ದಲು ಹಿಡಿಯುವ ಮೊದಲು ಒಮ್ಮೆ ಬಿಸಿಲಿಗೆ ಹಾಕಿ, ತೆಗೆದಿರಿಸಿ.