ಲ್ಯಾಟಿನ್‌ಗೆ ಸಲ್ಲುವ ಮರ್ಯಾದೆ ಕನ್ನಡಕ್ಕೂ ಕೊಟ್ಟವರು

ಧಾರವಾಡದಲ್ಲಿ ಓದಿದವರಿಗೆ ಕಿಟ್ಟೆಲ್ ಅಂದರೆ ಕಾಲೇಜು ನೆನಪಾಗುತ್ತದೆ. ಬೆಂಗಳೂರಿನವರಿಗೆ ಎಂ.ಜಿ. ರಸ್ತೆಯ ಪ್ರತಿಮೆ. ನನಗೆ ಮಾತ್ರ ಈ ಹೆಸರು ಹತ್ತಿರವಾದದ್ದು ಕೆಲಸಕ್ಕೆಂದು ಹೈದರಾಬಾದಿಗೆ ಬಂದ ಮೇಲೆ. ಇಲ್ಲಿ ಹಾಲಿಗೆ ಪಾಲು ಅನ್ನುತ್ತಾರೆ, ಹಣ್ಣಿಗೆ ಪಂಡು, ಹುಲಿಗೆ ಪುಲಿ, ಹೂವಿಗೆ ಪುವ್ವು. ಶಾಲೆಯ ಹಳಗನ್ನಡ ಪಾಠದಲ್ಲಿ ಪಾಲ್, ಪಣ್, ಪುಲಿ, ಪೂ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮೂಲೆಗಿಟ್ಟ ರೂಪಗಳು ಮಾದಾಪುರದ ಕಿರಾಣಿ ಅಂಗಡಿಯಲ್ಲಿ ದಿನಾ ಕಿವಿಗೆ ಬೀಳತೊಡಗಿದವು. ಎರಡು ಭಾಷೆಗಳ ಈ ನಂಟನ್ನು ಪದ ಪದಕ್ಕೂ ಬರೆದಿಟ್ಟ ಪುಸ್ತಕ ಇದೆಯೇ ಎಂದು ಹುಡುಕಿದಾಗ ಸಿಕ್ಕಿದ್ದು ಕಿಟ್ಟೆಲ್ ನಿಘಂಟು. ಆಮೇಲೆ ನಿಘಂಟಿಗಿಂತ ಅದನ್ನು ಬರೆದವರ ಬದುಕೇ ನನ್ನನ್ನು ಹೆಚ್ಚು ಕಾಡಿತು.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಉತ್ತರದ ಕಡಲಂಚಿನಲ್ಲಿರುವ ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಆಗ ಅಲ್ಲಿ ವಿದ್ಯೆ ಅಂದರೆ ಮೊದಲು ಲ್ಯಾಟಿನ್, ಆಮೇಲೆ ಗ್ರೀಕ್. ಕಿಟ್ಟೆಲ್ ಇವೆರಡರ ಜೊತೆ ಹೀಬ್ರೂವನ್ನೂ ಕಲಿತರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯ ವಿದ್ಯಾಲಯ ಸೇರಿ, 1853ರಲ್ಲಿ ಭಾರತಕ್ಕೆ ಬಂದಿಳಿದಾಗ ಅವರಿಗೆ 21 ವರ್ಷ. ಇವತ್ತು ಕ್ಯಾಂಪಸ್ ಇಂಟರ್‌ವ್ಯೂ ಮುಗಿಸಿ ಹೈಟೆಕ್ ಸಿಟಿಗೆ ಬಂದಿಳಿಯುವ ನಮ್ಮ ಹುಡುಗರ ವಯಸ್ಸು. ಬಂದದ್ದು ಧರ್ಮಪ್ರಚಾರಕ್ಕೆ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಅವರ ಬದುಕು ಸಾಗಿತು.

ಪ್ರಚಾರಕರಾಗಿ ಕಿಟ್ಟೆಲ್ ದೊಡ್ಡ ಯಶಸ್ಸು ಕಂಡವರಲ್ಲ. ಅವರ ಮನಸ್ಸು ಹಳೆಯ ಗ್ರಂಥಗಳ ಕಡೆಗೆ, ಜನರ ಮಾತಿನ ಕಡೆಗೆ ಎಳೆಯುತ್ತಿತ್ತು. ಏಸುವಿನ ಕತೆಯನ್ನು ಹೇಳಬೇಕಾದಾಗಲೂ ಯುರೋಪಿನ ರಾಗ ಬಿಟ್ಟು ಕನ್ನಡ ಛಂದಸ್ಸಿನಲ್ಲೇ ಕಥಾಮಾಲೆ ಬರೆದರು. ಅದು 1862ರ ಮಾತು. ಕಳಿಸಿದ ಸಂಸ್ಥೆಗೆ ಬೇಕಿದ್ದ ಫಲ ಒಂದು, ಅವರಿಗೆ ಹಿಡಿದ ಹುಚ್ಚು ಇನ್ನೊಂದು. ಕೊನೆಗೆ ಆ ಹುಚ್ಚಿಗೇ ಸಂಸ್ಥೆ ಒಂದು ಕೆಲಸದ ರೂಪ ಕೊಟ್ಟಿತು: ಕನ್ನಡಕ್ಕೊಂದು ದೊಡ್ಡ ನಿಘಂಟು.

ನಿಘಂಟು ಅದಕ್ಕೆ ಮೊದಲು ಇರಲಿಲ್ಲ ಎಂದಲ್ಲ. ಕಿಟ್ಟೆಲ್ ಹುಟ್ಟಿದ 1832ರಲ್ಲೇ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದಿತ್ತು. ಅದನ್ನು ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ಪರಿಷ್ಕರಿಸಿದ್ದರು. ಹರ್ಮನ್ ಮೋಗ್ಲಿಂಗ್ ಹಳೆಯ ಕಾವ್ಯಗಳನ್ನು ಅಚ್ಚು ಮಾಡಿಸಿ, ಆ ಮಾಲೆಗೆ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂದು ಲ್ಯಾಟಿನ್ ಹೆಸರನ್ನೇ ಇಟ್ಟಿದ್ದರು. ಆದರೆ ಒಂದು ಪದ ಎಲ್ಲಿ ಬಳಕೆಯಾಗಿದೆ, ಯಾವ ಗ್ರಂಥದಲ್ಲಿದೆ, ಯಾವ ಊರಿನ ಬಾಯಲ್ಲಿದೆ, ಅಕ್ಕಪಕ್ಕದ ಭಾಷೆಗಳಲ್ಲಿ ಅದರ ಒಡಹುಟ್ಟು ಯಾವುದು ಎಂದು ಒಂದೇ ಕಡೆ ಸಾಕ್ಷಿ ಸಮೇತ ಹೇಳುವ ಪುಸ್ತಕ ಇರಲಿಲ್ಲ.

ಅಂಥ ಸಾಕ್ಷಿಯ ಶಿಸ್ತನ್ನು ಜರ್ಮನ್ ವಿದ್ವಾಂಸರು ರೂಢಿಸಿಕೊಂಡಿದ್ದು ಮುಖ್ಯವಾಗಿ ಲ್ಯಾಟಿನ್ ಮತ್ತು ಗ್ರೀಕ್ ಗ್ರಂಥಗಳ ಮೇಲೆ. ಬರ್ಲಿನ್‌ನ ಕಾರ್ಲ್ ಲಾಖ್ಮನ್ 1850ರಲ್ಲಿ ಲ್ಯಾಟಿನ್ ಕವಿ ಲುಕ್ರೀಷಿಯಸ್‌ನ ಕಾವ್ಯವನ್ನು ಸಂಪಾದಿಸಿದ ರೀತಿ ಹೆಸರುವಾಸಿ. ಸಿಕ್ಕ ಪ್ರತಿಗಳನ್ನೆಲ್ಲ ಎದುರಿಗಿಟ್ಟುಕೊಂಡು, ಯಾವ ತಪ್ಪು ಯಾವ ಪ್ರತಿಯಿಂದ ಯಾವುದಕ್ಕೆ ಇಳಿದು ಬಂತು ಎಂದು ಲೆಕ್ಕ ಹಾಕಿ, ಮೂಲ ಪಾಠಕ್ಕೆ ಹತ್ತಿರ ಹೋಗುವುದು. ಕಿಟ್ಟೆಲ್ ಬೆಳೆದದ್ದು ಆ ಗಾಳಿಯಲ್ಲಿ. ಅವರು ಅದೇ ಶ್ರದ್ಧೆಯನ್ನು ನಮ್ಮ ತಾಳೆಗರಿಗಳ ಮೇಲೆ ಸುರಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು. ಒಂದು ಹಳಗನ್ನಡದ ವ್ಯಾಕರಣ, ಇನ್ನೊಂದು ಪದ್ಯಶಾಸ್ತ್ರ. ಎರಡನೆಯದರ ಜೊತೆಗೆ ಕನ್ನಡ ಸಾಹಿತ್ಯದ ಚರಿತ್ರೆಯ ಬಗ್ಗೆ ಒಂದು ಪ್ರಬಂಧವನ್ನೂ ಬರೆದರು. ಸಂಸ್ಕೃತದ ನಿಘಂಟುಗಳಲ್ಲಿ ಅಡಗಿರುವ ದ್ರಾವಿಡ ಪದಗಳ ಕುರಿತು 1872ರಲ್ಲೇ ಲೇಖನ ಪ್ರಕಟಿಸಿದರು. ದಕ್ಷಿಣದ ಭಾಷೆಗಳು ಬರೀ ಸಾಲಗಾರರು ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ಸಾಲ ಕೊಟ್ಟದ್ದೂ ಉಂಟು ಎಂದು ಪಟ್ಟಿ ಮುಂದಿಟ್ಟವರು ಅವರು.

ಈ ಕೆಲಸಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. 1860ರಲ್ಲಿ ಮದುವೆಯಾದ ಪೌಲೀನ್ ನಾಲ್ಕೇ ವರ್ಷದಲ್ಲಿ ತೀರಿಕೊಂಡರು. 1867ರಲ್ಲಿ ಪೌಲೀನ್ ಅವರ ತಂಗಿ ಜೂಲಿಯನ್ನು ಮದುವೆಯಾದರು. 1877ರಲ್ಲಿ ಜರ್ಮನಿಗೆ ಮರಳಿದರು. ಅಲ್ಲಿ ಕೂತು ಮುಗಿಸಬಹುದಿತ್ತೇನೋ. ಆದರೆ ಪದಗಳ ಜೀವ ಜನರ ಬಾಯಲ್ಲಿದೆ, ಪಂಡಿತರನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕಾದದ್ದು ಬೆಟ್ಟದಷ್ಟಿದೆ. 1883ರಲ್ಲಿ, 51ನೇ ವಯಸ್ಸಿನಲ್ಲಿ, ನಿಘಂಟು ಮುಗಿಸಲೆಂದೇ ಮತ್ತೆ ಹಡಗು ಹತ್ತಿದರು. ಒಂಬತ್ತು ವರ್ಷ ದುಡಿದು 1892ರಲ್ಲಿ ಕೊನೆಯ ಬಾರಿ ಭಾರತ ಬಿಟ್ಟಾಗ ಕಣ್ಣು ತೀರಾ ಸೋತಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ನಿಘಂಟು ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ನೆರವಾದ ಪಂಡಿತರನ್ನು ಮುನ್ನುಡಿಯಲ್ಲಿ ಮರೆಯದೆ ನೆನೆದಿದ್ದಾರೆ.

ಅದೇ 1894ರಲ್ಲಿ ಜರ್ಮನಿಯಲ್ಲಿ ಇನ್ನೊಂದು ನಿಘಂಟಿನ ಕೆಲಸ ಶುರುವಾಯಿತು: ಥೆಸಾರಸ್ ಲಿಂಗ್ವೆ ಲಾಟಿನೆ. ಪ್ರಾಚೀನ ಲ್ಯಾಟಿನ್ನಿನ ಪ್ರತಿ ಪದದ ಬಳಕೆಯನ್ನೂ ಕಲೆಹಾಕುವ ಹಂಬಲ. ಹಿಂದಿನ ಪ್ರೇರಕ ಶಕ್ತಿ ಮ್ಯೂನಿಕ್‌ನ ಪ್ರಾಧ್ಯಾಪಕ ಎಡ್ವರ್ಡ್ ವೋಲ್‌ಫ್ಲಿನ್. ಕಿಟ್ಟೆಲ್‌ಗಿಂತ ಒಂದೇ ವರ್ಷ ದೊಡ್ಡವರು, ಹುಟ್ಟೂರು ಅದೇ ಬಾಸೆಲ್! ಜರ್ಮನ್ ಮಾತಿನ ಐದು ಅಕಾಡೆಮಿಗಳು ಸೇರಿ ಹಿಡಿದ ಆ ಕೆಲಸ ನೂರಾ ಮೂವತ್ತು ವರ್ಷ ಕಳೆದರೂ ಮುಗಿದಿಲ್ಲ, ಈಗಲೂ ಮ್ಯೂನಿಕ್‌ನಲ್ಲಿ ನಡೆಯುತ್ತಿದೆ. ಎರಡರ ಗಾತ್ರ, ಗುರಿ ಬೇರೆ ಬೇರೆ; ಒಂದರ ಜೊತೆ ಇನ್ನೊಂದನ್ನು ತೂಗಲಾಗದು. ಆದರೂ ಅಲ್ಲಿ ಅಕಾಡೆಮಿಗಳ ದಂಡೇ ನಿಂತಿದ್ದಾಗ, ಇಲ್ಲಿ ಒಬ್ಬ ಮನುಷ್ಯ ಕೆಲವು ಪಂಡಿತರ ಜೊತೆ ಕೂತು, ಸತ್ತ ಭಾಷೆಯೊಂದಕ್ಕೆ ಸಿಗುತ್ತಿದ್ದ ಮರ್ಯಾದೆಯನ್ನು ಬದುಕಿರುವ ಕನ್ನಡಕ್ಕೆ ಕೊಟ್ಟರು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಬದುಕಿರುವ ಭಾಷೆ ಎಂಬುದೇ ಕಿಟ್ಟೆಲ್ ಕೆಲಸದ ವಿಶೇಷ. ಲ್ಯಾಟಿನ್ ವಿದ್ವಾಂಸರಿಗೆ ಕೇಳಲು ಬಾಯಿಗಳಿರಲಿಲ್ಲ, ಗ್ರಂಥಗಳಷ್ಟೇ ಇದ್ದವು. ಕಿಟ್ಟೆಲ್‌ಗೆ ಎರಡೂ ಇದ್ದವು, ಎರಡನ್ನೂ ಬಿಡಲಿಲ್ಲ. ಕೇಶಿರಾಜನ ಪಕ್ಕದಲ್ಲೇ ಗಾದೆಗಳಿವೆ, ದಾಸರ ಪದಗಳಿವೆ. ಮೈಸೂರು ಸೀಮೆಯ ಬಳಕೆ ಯಾವುದು, ಉತ್ತರದ್ದು ಯಾವುದು ಎಂಬ ಗುರುತಿದೆ. ಮರಾಠಿಯಿಂದ, ಹಿಂದುಸ್ತಾನಿಯಿಂದ ಬಂದ ಮಾತುಗಳನ್ನು ಮೈಲಿಗೆ ಎಂದು ಹೊರಗಿಡದೆ, ಇಂಥ ಕಡೆಯಿಂದ ಬಂದದ್ದು ಎಂದು ಬರೆದು ಒಳಗೆ ಕೂರಿಸಿದ್ದಾರೆ. ಅಚ್ಚಗನ್ನಡದ ಪದಗಳ ಮುಂದೆ ತಮಿಳು, ತೆಲುಗು, ಮಲಯಾಳ, ತುಳುವಿನ ಸಂಬಂಧಿಗಳನ್ನು ಕೊಟ್ಟಿದ್ದಾರೆ. ತೆಲುಗು, ಉರ್ದು ಎರಡೂ ತುಂಬಿರುವ ಈ ನಗರದಲ್ಲಿ ಕೂತು ಆ ಪುಟ ತಿರುವುವಾಗ ನೆರೆಹೊರೆಯ ವಿಳಾಸ ಪುಸ್ತಕ ಕೈಗೆ ಸಿಕ್ಕಂತಾಗುತ್ತದೆ. ನಮ್ಮ ಕಚೇರಿಗಳ ಹತ್ತಿರದ ದುರ್ಗಂ ಚೆರುವನ್ನೇ ನೋಡಿ. ನಮ್ಮ ಕೆರೆ ಇಲ್ಲಿ ಚೆರುವು, ನಮ್ಮ ಕಿವಿ ಇಲ್ಲಿ ಚೆವಿ, ನಮ್ಮ ಕೈ ಇಲ್ಲಿ ಚೆಯ್ಯಿ. ಒಂದು ಬೀಗದ ಕೈ ಸಿಕ್ಕರೆ ಹತ್ತು ಬಾಗಿಲು ತೆರೆಯುತ್ತವೆ.

ಕೊರತೆಗಳಿಲ್ಲವೆಂದಲ್ಲ. ಪಂಪನ ವಿಕ್ರಮಾರ್ಜುನ ವಿಜಯ, ಕವಿರಾಜಮಾರ್ಗ ಎರಡೂ ಅಚ್ಚಾದದ್ದು 1898ರಲ್ಲಿ. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಬಂದದ್ದು 1923ರಲ್ಲಿ. ಅಷ್ಟು ದೊಡ್ಡ ಭಂಡಾರ ತೆರೆಯುವ ಮೊದಲೇ ಕಿಟ್ಟೆಲ್ ಕೆಲಸ ಮುಗಿಸಿದ್ದರು. ಮುಂದೆ ಮರಿಯಪ್ಪ ಭಟ್ಟರು ಮದ್ರಾಸ್ ವಿಶ್ವವಿದ್ಯಾಲಯದಿಂದ ಅದನ್ನು ನಾಲ್ಕು ಸಂಪುಟಗಳಿಗೆ ಹಿಗ್ಗಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟನೆಯ ಸಂಪುಟ 1995ರಲ್ಲಿ ಬಂತು. ಆದರೂ ಪದದ ಬೇರು ಹುಡುಕುವವರು ಇಂದಿಗೂ ಕಿಟ್ಟೆಲ್ ಪುಟಕ್ಕೆ ಹೋಗಿಯೇ ಬರುತ್ತಾರೆ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಣ್ಣು ಸೋತರೂ ಕೈ ಸೋಲಲಿಲ್ಲ. 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣ ಪ್ರಕಟವಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲೇ ಕಿಟ್ಟೆಲ್ ಕಣ್ಮುಚ್ಚಿದರು. 71 ವರ್ಷದ ಬದುಕಿನಲ್ಲಿ 50 ವರ್ಷ ಕನ್ನಡಕ್ಕೆ ಸಂದಿತ್ತು.

ಹೊರನಾಡಿನಲ್ಲಿರುವ ನಮ್ಮಂಥವರ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿ ಇವೆ. ಇದರ ಮೇಲೆ ಕನ್ನಡವನ್ನೂ ಹೇರಬೇಕೆ? ನೆಂಟರ ಮನೆಗೆ ಹೋದಾಗ ನಾಲ್ಕು ಮಾತು ಬಂದರೆ ಸಾಲದೆ? ನನ್ನ ಮಗಳ ವಿಷಯದಲ್ಲಿ ನನಗೂ ಈ ಪ್ರಶ್ನೆ ಇತ್ತು. ಕಿಟ್ಟೆಲ್ ಬದುಕು ಅದಕ್ಕೊಂದು ಉತ್ತರ ಕೊಟ್ಟಿದೆ. ಬಂದ ಊರಿನ ಭಾಷೆಯನ್ನು ಮನಸಾರೆ ಕಲಿತದ್ದರಿಂದ ಅವರ ಜರ್ಮನ್ ಸವೆಯಲಿಲ್ಲ, ಲ್ಯಾಟಿನ್ ಮರೆತುಹೋಗಲಿಲ್ಲ. ಅಲ್ಲಿ ಕಲಿತ ಶಿಸ್ತೇ ಇಲ್ಲಿ ಕೆಲಸಕ್ಕೆ ಬಂತು. ಮಗಳು ಶಾಲೆಯ ತೆಲುಗು ಪುಸ್ತಕದಲ್ಲಿ ಹೊಸ ಪದ ಕಂಡಾಗ ಅದರ ಕನ್ನಡದ ಅಕ್ಕ ಯಾರು ಎಂದು ಹುಡುಕುವುದು ಈಗ ನಮ್ಮಿಬ್ಬರ ಆಟ. ತೆಲುಗು ಗಟ್ಟಿಯಾಗುತ್ತಿದೆ, ಕನ್ನಡವೂ. ಕಿಟ್ಟೆಲ್ ನಿಘಂಟಿನ ಹಳೆಯ ಮುದ್ರಣ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನೀವು ಯಾವ ಊರಿನಲ್ಲೇ ಇರಿ, ಒಂದು ಭಾನುವಾರ ತೆರೆದು ನಿಮ್ಮ ಮನೆಯಲ್ಲಿ ದಿನಾ ಆಡುವ ಒಂದು ಪದವನ್ನು ಹುಡುಕಿ ನೋಡಿ.