ಮುಖವಿಲ್ಲದ ಮುಖಪುಟ

ನಮ್ಮ ಮಾಸ್ಟ್ರು ಒಂದು ಇಂಗ್ಲಿಷ್ ಕಾದಂಬರಿ ತೋರಿಸಿದರು. ಮುಖಪುಟದಲ್ಲಿ ಮುಖವೇ ಇಲ್ಲ! ಕತ್ತಲ ಆಕಾಶದಲ್ಲಿ ಎರಡು ಕಣ್ಣು, ತುಟಿ, ಒಂದು ಹನಿ ಕಣ್ಣೀರು. ಬಣ್ಣದ ವೇಷ ನೋಡಿದ ಹಾಗೆ ನನಗೆ ಹೆದರಿಕೆ ಆಯ್ತು. ಬರೆದವರ ಕತೆ ಕೇಳಿ ಬೇಜಾರಾಯ್ತು.

ಸ್ಕಾಟ್ ಫಿಟ್ಸ್‌ಜೆರಾಲ್ಡ್ 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದರು. 23ನೇ ವಯಸ್ಸಿಗೇ ಮೊದಲ ಕಾದಂಬರಿಯಿಂದ ಹೆಸರಾದರು. ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಬರೆದು ಮುಗಿಯುವ ಮೊದಲೇ ಫ್ರಾನ್ಸಿಸ್ ಕುಗಾಟ್ ಎಂಬ ಕಲಾವಿದರು ಈ ಕಣ್ಣುಗಳನ್ನು ಬಿಡಿಸಿದ್ದರು. ಈ ಚಿತ್ರವನ್ನು ಬೇರೆ ಯಾರಿಗೂ ಕೊಡಬೇಡಿ, ಕತೆಯೊಳಗೇ ಸೇರಿಸಿದ್ದೇನೆ ಎಂದು ಫಿಟ್ಸ್‌ಜೆರಾಲ್ಡ್ ಪ್ರಕಾಶಕರಿಗೆ ಕಾಗದ ಬರೆದರು. 1925ರಲ್ಲಿ ಪುಸ್ತಕ ಬಂತು; ಅವರು ಎಣಿಸಿದಷ್ಟು ಮಾರಾಟವಾಗಲಿಲ್ಲ. 1940ರಲ್ಲಿ, 44ನೇ ವಯಸ್ಸಿಗೆ, ಸೋತೆನೆಂದೇ ತಿಳಿದು ತೀರಿಕೊಂಡರು. ಈಗ ಅದನ್ನು ಲೋಕವೆಲ್ಲ ಓದುತ್ತದೆ.

ಪುಸ್ತಕ ಸಿಕ್ಕಿದ ಕೂಡಲೇ ನಾವು ಬೈಂಡ್ ಹಾಕಿ ಮುಖಪುಟ ಮುಚ್ಚುತ್ತೇವೆ. ಇನ್ನು ಮೊದಲು ಸರಿಯಾಗಿ ನೋಡುವ, ಮತ್ತೆ ಬೈಂಡ್ ಹಾಕುವ.